ನನಗಿಂತ ಸಣ್ಣವನಾದ ಹಿರೇ ಅಳಿಯ

ಅವನು ನೆಲದ ಮೇಲೆ ನಿಂತರೂ ಓಡುವ ಬಸ್ಸಿನಲ್ಲಿ ನಿಂತಂತೆಯೇ ನಿಲ್ಲುತ್ತಾನೆ. ಎಡಗಾಲು ತುಸು ಮುಂದೆ, ಬಲಗಾಲು ಹಿಂದೆ, ಮೊಣಕಾಲು ಚೂರು ಸಡಿಲು. ಮದುವೆ ಚಪ್ಪರದಲ್ಲಿ ನಿಲ್ಲಲಿ, ಮಣ್ಣಿಗೆ ಹೋದಲ್ಲಿ ನಿಲ್ಲಲಿ, ಭೂಮಿ ಯಾವಾಗ ಬೇಕಾದರೂ ಬ್ರೇಕ್ ಹಾಕೀತು ಎಂದು ತಯಾರಾಗಿರುವವನ ಹಾಗೆ ಕಾಣುತ್ತಾನೆ. ಕಲಘಟಗಿ–ಹುಬ್ಬಳ್ಳಿ ರಸ್ತೆಯ ಮೇಲೆ ಇಪ್ಪತ್ತೈದು ವರ್ಷ ಕಂಡಕ್ಟರಕಿ ಮಾಡಿದ ಮೈ ಅದು. ಅವನು ಕಂಬಿ ಹಿಡಿದದ್ದನ್ನು ನಾನು ಒಂದು ಸಲವೂ ನೋಡಿಲ್ಲ. ನಾನು ಗೌಂಡಿ. ಮೂರನೇ ಅಂತಸ್ತಿನಲ್ಲಿ ಒಂದೇ ಹಲಗೆಯ ಮೇಲೆ ನಿಂತು ಗೋಡೆಗೆ ಗಿಲಾವು ಮಾಡುವವನು. ಅದನ್ನು ನೋಡಲು ಯಾರು ಬರುತ್ತಾರೆ? ಅವನು ನಿಂತದ್ದನ್ನು ಬಸ್ಸು ತುಂಬ ಜನ ನೋಡುತ್ತಾರೆ.

ಅವನು ನನ್ನ ಷಡ್ಡಕ. ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಎದುರಿಗೆ 'ಅಣ್ಣಾ' ಅನ್ನುತ್ತಿದ್ದೆ, ಮಾತಿಗೊಂದು 'ರಿ' ಹಚ್ಚುತ್ತಿದ್ದೆ. ಇಲ್ಲಿ 'ಅವನು' ಎಂದು ಬರೆಯುತ್ತೇನೆ. ಏಳನೇತ್ತಕ್ಕೆ ಸಾಲಿ ಬಿಟ್ಟವನಿಗೆ ಬರೆಯುವಾಗಲಾದರೂ ಅಷ್ಟು ಮುಲಾಜಿಲ್ಲದೆ ಇರಲು ಬಿಡಬೇಕು.

ಅವನು ನನಗಿಂತ ಮೂರು ವರ್ಷ ಸಣ್ಣವನು. ಆದರೂ ಅಣ್ಣ. ಅಳಿಯಂದಿರ ಹಿರಿತನವನ್ನು ಹೆಂಡಂದಿರ ಹಿರಿತನದಿಂದ ಎಣಿಸುತ್ತಾರೆ. ಅಕ್ಕನನ್ನು ಕಟ್ಟಿಕೊಂಡವನು ಹಿರೇ ಅಳಿಯ, ತಂಗಿಯನ್ನು ಕಟ್ಟಿಕೊಂಡವನು ಕಿರೇ ಅಳಿಯ. ಊಟಕ್ಕೆ ಕೂತರೆ ಅವನ ಎಲೆ ಮೊದಲು. ಕಾಲು ತೊಳೆಯುವ ನೀರು ಮೊದಲು ಅವನಿಗೆ. ಇಷ್ಟೇ ಆಗಿದ್ದರೆ ಸಹಿಸುತ್ತಿದ್ದೆ. ನನಗೆ ಹೆಣ್ಣು ನೋಡುವಾಗ ಮಾವನವರು ಮಧ್ಯಸ್ಥರ ಕಡೆಯಿಂದ ಒಂದು ಮಾತು ಹೇಳಿ ಕಳಿಸಿದ್ದರು: "ವರಾ ನಮ್ಮ ದೊಡ್ಡ ಅಳಿಯಾರಕಿಂತ ಸಣ್ಣಾಂವ ಇರಬೇಕು. ನಾಳೆ ಪಂಕ್ತ್ಯಾಗ ತೊಡಕ ಬ್ಯಾಡ." ನನಗಾಗ ಮೂವತ್ತು. ಇಬ್ಬರು ತಂಗಿಯರ ಮದುವೆ ಮಾಡಿ, ಸ್ವಂತ ಮನೆ ಕಟ್ಟಿ, ಆಮೇಲೆ ನನ್ನ ಮದುವೆ ಎಂದು ಕೂತಿದ್ದೆ. ನಮ್ಮಪ್ಪ ಹಿಂದೆ ಮುಂದೆ ನೋಡದೆ "ಇಪ್ಪತ್ತೈದು" ಎಂದುಬಿಟ್ಟ. ದುಡಿದ ಮೈ, ಹೊಟ್ಟೆ ಇಲ್ಲ, ತಲೆ ತುಂಬ ಕೂದಲು. ಎಲ್ಲರೂ ನಂಬಿದರು. ಅವನಿಗಾಗ ಇಪ್ಪತ್ತೇಳು. ಅಂದಿನಿಂದ ನನಗಿಂತ ಸಣ್ಣವನು ನನಗೆ "ಏನಪಾ ತಮ್ಮಾ" ಅನ್ನತೊಡಗಿದ. ನಾನು "ಆರಾಮ್ರಿ ಅಣ್ಣಾ" ಅನ್ನತೊಡಗಿದೆ. ಅಪ್ಪ ತೀರಿಕೊಂಡ. ಅಪ್ಪನ ಮಾತು ಮಾತ್ರ ನನ್ನ ಕೊರಳಿಗೆ ಬಿದ್ದಿತ್ತು. ಹೆಂಡತಿಗೂ ಹೇಳಿರಲಿಲ್ಲ.

ದುಮ್ಮವಾಡದಲ್ಲಿರುವ ಮಾವನ ಮನೆಯನ್ನು ಪಾಯಾದಿಂದ ಪ್ಯಾರಾಪೆಟ್‌ವರೆಗೆ ಕಟ್ಟಿದವನು ನಾನು. ಒಂದು ಬಿಸಿಲುಗಾಲ ಪೂರ್ತಿ ನನ್ನ ಬೇರೆ ಕೆಲಸ ಬಿಟ್ಟು ಕಟ್ಟಿದೆ. ಗೃಹಪ್ರವೇಶದ ದಿನ ಅವನು ಡ್ಯೂಟಿ ಮುಗಿಸಿ, ಬಗಲಲ್ಲಿ ಒಂದು ಪೇಢೆ ಡಬ್ಬಿ ಹಿಡಿದು ಬಂದ. ಬಾಗಿಲಲ್ಲಿ ನಿಂತು, "ಸೀಟ್ ಸಿಗತಾವೇನ್ರಿ ಮಾವಾರ, ಇಲ್ಲಾ ನಿಂತ ಹೋಗಬೇಕೋ?" ಎಂದ. ಮನೆ ಮನೆಯೇ ನಕ್ಕಿತು. ಅವತ್ತು ಇಡೀ ದಿನ ಜನ ಆ ಪೇಢೆಯ ಸುದ್ದಿ ಆಡಿದರು. ಗೋಡೆಯ ಸುದ್ದಿ ಯಾರೂ ಆಡಲಿಲ್ಲ. ಗೋಡೆ ನಗಿಸುವುದಿಲ್ಲವಲ್ಲ.

ಅವನಲ್ಲಿ ಏನಿತ್ತು ಎಂದು ನಾನು ಬಹಳ ವಿಚಾರ ಮಾಡಿದ್ದೇನೆ. ರೂಪದಲ್ಲಿ ನಾನೇ ಮೇಲು. ದುಡಿಮೆಯಲ್ಲಿ ನಾನೇ ಮೇಲು. ಆದರೆ ಅವನು ಬಸ್ಸು ಹತ್ತಿದವರ ಊರು, ಮಗಳ ಬಾಣಂತನ, ಎಮ್ಮೆಯ ಕರು ಎಲ್ಲ ನೆನಪಿಟ್ಟು ಕೇಳುತ್ತಿದ್ದ. ಕೇಳಿದರೆ ಮುಗಿಯಿತು, ಜನ ಕರಗಿಬಿಡುತ್ತಾರೆ. ನನ್ನ ಹೆಂಡತಿಯೂ ಕರಗಿದವಳೇ. "ಅಕ್ಕನ ಗಂಡ ನೋಡ್ರಿ" ಎಂಬಲ್ಲಿಂದಲೇ ಅವಳ ಬುದ್ಧಿಮಾತು ಸುರುವಾಗುತ್ತಿತ್ತು.

ನನಗೆ ಅವನ ಮೇಲೆ ಇದ್ದದ್ದು ಒಂದೇ ಹತಾರ. ಅವನು ಓದಿದ ಹೈಸ್ಕೂಲಿನ ಕಟ್ಟಡ. ಆ ಕೆಲಸಕ್ಕೆ ನಾನು ಹೋಗಿದ್ದೆ. ಮಾತು ಎಲ್ಲಿಂದ ಎಲ್ಲಿಗೆ ಹೋದರೂ ನಾನು ಅದನ್ನು ಅಲ್ಲಿಗೆ ಎಳೆದು ತರುತ್ತಿದ್ದೆ. "ನೀವು ಒಳಗ ಕುಂತು ಕಲತ್ರಿ ಅಣ್ಣಾ, ನಾ ಮ್ಯಾಲೆ ನಿಂತು ಸ್ಲ್ಯಾಬ್ ಹಾಕಿದೆ. ಸಾಲಿ ಬಿಟ್ಟು ಮೂರ ವರ್ಷ ಆಗಿತ್ತು, ಮೀಸಿ ಆಗಲೇ ಚಿಗತಿತ್ತು. ನಾವು ಹಾಕಿದ ಸ್ಲ್ಯಾಬಿನ ನೆರಳಾಗ ನಿಮ್ಮ ಎಸ್ಸೆಲ್ಸಿ ಆತು." ಅವನು ತಲೆ ಅಲ್ಲಾಡಿಸಿ, "ಖರೇ ತಮ್ಮಾ, ಮಳೆಗಾಲದಾಗ ಒಂದ ಹನಿ ಸೋರತಿದ್ದಿಲ್ಲ ನೋಡು" ಅನ್ನುತ್ತಿದ್ದ. ಆ ಮಾತು ಕೇಳಲು ನನಗೆ ಬಹಳ ಹಿತ. ಪ್ರತಿ ಹಬ್ಬಕ್ಕೂ ಒಮ್ಮೆ ಹೇಳಿಸಿಕೊಳ್ಳುತ್ತಿದ್ದೆ.

ಅವನಿಗೊಬ್ಬ ಜೋಡಿ ಡ್ರೈವರ್ ಇದ್ದ. ಹತ್ತು ವರ್ಷ ಇಬ್ಬರೂ ಒಂದೇ ಗಾಡಿ. ಡ್ರೈವರನ ಗಲ್ಲದ ಒಳಗೆ ಯಾವಾಗಲೂ ತಂಬಾಕಿನ ಉಂಡೆ ಇರುತ್ತಿತ್ತು. ಅಲ್ಲೊಂದು ಹುಣ್ಣಾಯಿತು. ಖಾರ ಹತ್ತಿತು ಎಂದ, ಹಲ್ಲು ತಾಗಿತು ಎಂದ, ತೋರಿಸಲಿಲ್ಲ. ಬಾಯಿ ಎರಡು ಬೆರಳಿನಷ್ಟೂ ತೆರೆಯದಾದಾಗ ಹೋದ. ದವಾಖಾನೆಯವರು ದವಡೆ ತೆಗೆದರು, ಆದರೂ ಮನುಷ್ಯ ಉಳಿಯಲಿಲ್ಲ. ಮಣ್ಣು ಕೊಟ್ಟು ಬಂದ ದಿನ ನಮ್ಮ ಷಡ್ಡಕ ತನ್ನ ತಂಬಾಕಿನ ಚೀಟನ್ನು ಮಾವನ ಮನೆಯ ಬಚ್ಚಲ ಒಲೆಗೆ ಹಾಕಿದ. ಮತ್ತೆ ಮುಟ್ಟಲಿಲ್ಲ. ತಂಬಾಕು ಬಿಟ್ಟದ್ದಕ್ಕೂ ಹೊಗಳಿಕೆ! ನಾನು ಎಂದೂ ತಿಂದವನೇ ಅಲ್ಲ. ಅದಕ್ಕೆ ಯಾರಾದರೂ ಒಂದು ಮಾತು ಆಡಿದ್ದರೆ ಕೇಳಿ.

ಆಮೇಲೆ ಅವನಿಗೆ ಕ್ಯಾನ್ಸರ್ ತಪಾಸಣಿಯ ಹುಚ್ಚು ಹಿಡಿಯಿತು. ದವಾಖಾನೆಯಲ್ಲಿ ಡಾಕ್ಟರನ್ನು ಕಂಡಲ್ಲಿ ಕೇಳಿ ತಿಳಿದುಕೊಂಡ, ಕೇಳಿದ್ದನ್ನು ಕಂಡಕಂಡವರಿಗೆ ಹೇಳತೊಡಗಿದ. ಮಾವನ ಕಟ್ಟೆಯ ಮೇಲೆ ಗಂಡಸರು ಕೂತಿದ್ದರೆ ಸಾಕು, ಬಸ್ಸಿನ ದನಿಯಲ್ಲಿ ಸುರು ಮಾಡುತ್ತಿದ್ದ.

"ಮೂವತ್ತರ ಸ್ಟಾಪ್ ಬಂತ್ರಿ, ಮೂವತ್ತರದು! ಬಾಯಿ ತೋರಸಾವರು ಇಳೀರಿ, ತಂಬಾಕ ಗುಟ್ಕಾದವರು ಮೊದಲ ಇಳೀರಿ. ನಲವತ್ತೈದರ ಸ್ಟಾಪು ಕರುಳಿಂದು, ನಾಚಬ್ಯಾಡ್ರಿ, ಡಬ್ಬಿ ಕೊಡತಾರ, ಸಂಡಾಸದ್ದು ಒಂದೀಟು ಹಾಕಿ ಕೊಡೂದು. ಐವತ್ತರ ಸ್ಟಾಪ್ ಪ್ರೋಸ್ಟೇಟಿಂದು. ಅಲ್ಲಿ ಡಾಕ್ಟರ್ ಜೋಡಿ ಕುಂತು ಮಾತಾಡಿ ರಕ್ತಾ ಕೊಡೂದು. ಅಪ್ಪಗ, ಅಣ್ಣಗ ಆ ರೋಗ ಆಗಿದ್ರ ಐವತ್ತರ ಹಾದಿ ಕಾಯಬ್ಯಾಡ್ರಿ, ಮೊದಲ ಇಳೀರಿ. ತೋರಿಸಿ ಮತ್ತ ಹತ್ತರಿ. ಬಸ್ಸು ನಿಮ್ಮನ್ನ ಬಿಟ್ಟ ಹೋಗೂದಿಲ್ಲ."

"ಅದೇನಲೇ ಪ್ರೋಸ್ಟೇಟು?" ಎಂದು ಯಾರೋ ಕೇಳಿದರೆ ಹೊಟ್ಟೆಯ ಕೆಳಗೆ ಕೈ ತೋರಿಸಿ, "ಉಚ್ಚಿ ಚೀಲದ ಬುಡಕ ಒಂದ ಅಡಕಿಯಷ್ಟು ಗಂಟ ಇರತೈತಿ. ಗಂಡಸರಿಗಷ್ಟ ಕೊಟ್ಟಾನ ದೇವರು. ಹೆಣ್ಮಕ್ಕಳಿಗೆ ಬ್ಯಾರೆ ಕಾಟ ಬಾಳ ಇದ್ವಲ್ಲ, ನಮಗ ಇದೊಂದು" ಅನ್ನುತ್ತಿದ್ದ.

"ಆ ವಯಸ್ಸಿನಾಗ ಅದನ್ನ ತೋರಸಾಕ ಹೋಗಬೇಕನೋ ಮಾರಾಯಾ!"

"ಈಗ ತೋರಸಾಕ ನಾಚತಿ. ಆಮ್ಯಾಲೆ ನಾಕ ಮಂದಿ ಹೊತ್ತಗೊಂಡ ಹೋಗಿ ತೋರಸ್ತಾರ."

ಜನ ನಗುತ್ತಿದ್ದರು, ಒಬ್ಬಿಬ್ಬರು ಹೋಗಿಯೂ ಬರುತ್ತಿದ್ದರು. ನಾನು ಕಟ್ಟೆಯ ಕೊನೆಗೆ ಕೂತು, ದವಾಖಾನೆಗೆ ಹೋಗುವುದನ್ನೂ ಇವನು ಒಂದು ಮರ್ಯಾದೆಯ ಕೆಲಸ ಮಾಡಿಕೊಂಡನಲ್ಲ ಎಂದು ಉರಿಯುತ್ತಿದ್ದೆ. ನನ್ನ ಹೆಂಡತಿ ಮನೆಗೆ ಬಂದು, "ಅಕ್ಕನ ಗಂಡ ವರ್ಷಾ ತೋರಿಸ್ಕೋತಾರ. ನೀವು?" ಅನ್ನುವಳು. "ನನ್ನ ಮೈ ಸಿಮೆಂಟ್ ತಿಂದ ಮೈ. ಅದಕ್ಕ ಏನಾಗತೈತಿ?" ಅನ್ನುತ್ತಿದ್ದೆ. ಅವನು ಹೋಗುವ ಕಡೆ ನಾನು ಹೋಗಬಾರದು ಎಂಬುದೊಂದೇ ನನ್ನ ಕಾರಣವಾಗಿತ್ತು.

ಎರಡು ವರ್ಷದ ಹಿಂದೆ ಶೀಗಿ ಹುಣ್ಣಿಮೆಗೆ ಎಲ್ಲರೂ ದುಮ್ಮವಾಡಕ್ಕೆ ಸೇರಿದ್ದೆವು. ಹೊಲಕ್ಕೆ ಹೋಗಿ ಭೂಮಿತಾಯಿಗೆ ಅಡಿಗೆಯ ಚರಗ ಚೆಲ್ಲಿ, ಅಲ್ಲೇ ಉಂಡು ಬಂದ ಮರುದಿನ ಊರ ಸಾಲಿಯಲ್ಲಿ ತಪಾಸಣಿಯ ಶಿಬಿರ ಇತ್ತು. ಹುಬ್ಬಳ್ಳಿ ಕಡೆಯ ಡಾಕ್ಟರು ಬಂದಿದ್ದರು. ಹೆಂಗಸರದು ಒಂದು ಖೋಲಿ, ಗಂಡಸರದು ಒಂದು ಖೋಲಿ, ನಡುವೆ ಪಡಸಾಲೆ. ಅವನು ಬೆಳಿಗ್ಗೆಯೇ ಮನೆ ಮನೆಗೆ ತಿರುಗಿ ಗಂಡಸರನ್ನು ಎಬ್ಬಿಸಿಕೊಂಡು ಬಂದಿದ್ದ. ಎಲ್ಲರೂ ಹೊರಟಾಗ ಮಾವನವರು, "ಕಿರೇ ಅಳಿಯಾರು ಅಂಜತಾರೇನೋ" ಎಂದರು. ಅಂಜಿಕೆ ಎಂದ ಮೇಲೆ ನಾನು ಎದ್ದೆ.

ಹಿರೇ ಅಳಿಯನದೇ ಮೊದಲು ಆಯಿತು. ಅವನು ರಕ್ತ ಕೊಟ್ಟು, ಮೊಣಕೈಯಲ್ಲಿ ಹತ್ತಿ ಒತ್ತಿಕೊಂಡು ಪಕ್ಕಕ್ಕೆ ನಿಂತ. ನಾನು ಸಿಸ್ಟರ್ ಮುಂದಿನ ಕುರ್ಚಿಯಲ್ಲಿ ಕೂತೆ.

"ವಯಸ್ಸೆಷ್ಟ್ರಿ?"

"ನಲವತ್ತೆಂಟು."

"ಹಂಗಾದ್ರ ರಕ್ತಾ ಬ್ಯಾಡ್ರಿ ನಿಮಗ. ಅದು ಐವತ್ತು ತುಂಬಿದವರಿಗೆ. ಬಾಯಿ ತೋರಿಸಿ ಈ ಡಬ್ಬಿ ತಗೊಂಡ ಹೋಗ್ರಿ."

ನನಗೆ ಹಗುರಾಯಿತು. ಏಳುತ್ತಿದ್ದೆ. ಅವನು ಹಿಂದಿನಿಂದ ಹೇಳಿದ:

"ಸಿಸ್ಟರ್, ಐವತ್ಮೂರು ಅಂತ ಬರಕೋರಿ."

"ಏನ್ ಅಣ್ಣಾ ಇದು? ನಾ ಹೇಳಿದ್ನಲ್ಲ ನಲವತ್ತೆಂಟು ಅಂತ."

"ತಪ್ಪ ಹೇಳಿದ್ರಿ."

ನನ್ನ ಕಿವಿ ಮೊದಲು ಹಿಡಿದದ್ದು ಆ 'ರಿ'ಯನ್ನು. ಇಷ್ಟು ವರ್ಷ ನನಗೆ 'ಹೇಳಿದಿ' ಅನ್ನುತ್ತಿದ್ದವನು 'ಹೇಳಿದ್ರಿ' ಅಂದಿದ್ದ. ಸಿಸ್ಟರ್ ಪೆನ್ನು ಎತ್ತಿ ಹಿಡಿದು ಇಬ್ಬರ ಮುಖ ನೋಡಿದರು. "ಯಾರ ಮಾತು ಖರೇರಿ?"

"ನಾ ಎಂಟನೇತ್ತಾ ಸೇರಿದಾಗ ನಮ್ಮ ಹೈಸ್ಕೂಲಿಗೆ ಸ್ಲ್ಯಾಬ್ ಹಾಕಾಕತ್ತಿದ್ರು. ನನಗ ಹದಿಮೂರು. ಆ ಸ್ಲ್ಯಾಬ್ ಹಾಕಿದಾವರು ಇವರು. ಏಳನೇತ್ತಾ ಮುಗಿಸಿ ಮೂರ ವರ್ಷ ಆಗಿತ್ತು, ಮೀಸಿ ಚಿಗತಿತ್ತು ಅಂತ ಇವರ ಬಾಯಿಲೆ ಹಬ್ಬಕ್ಕೊಮ್ಮಿ ಕೇಳೀನಿ. ಇವರು ಈಗ ಹೇಳೋ ಲೆಕ್ಕಾ ಖರೇ ಆದ್ರ ಆಗ ಹನ್ನೊಂದು ಆಗತಾವ. ಹನ್ನೊಂದಕ್ಕ ಮೀಸಿ ಬಂದ ಮನಷ್ಯಾಗ ಇದಕಿಂತ ದೊಡ್ಡ ತಪಾಸಣಿನ ಬೇಕು ನೋಡ್ರಿ, ಸಿಸ್ಟರ್."

ಸರದಿಯಲ್ಲಿದ್ದ ಗಂಡಸರೆಲ್ಲ ಗೊಳ್ಳೆಂದರು. ಬೆಂಚಿನ ಮೇಲೆ ಕೂತಿದ್ದ ಮಾವನವರು ನಗಲಿಲ್ಲ. ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. "ಸಂತ್ಯಾಗ ಹಲ್ಲ ನೋಡದ ಎತ್ತ ಹಿಡದಾಂವಲ್ಲ ನಾ. ಅಳಿಯನ್ನ ಹಂಗ ಹಿಡದೆ ನೋಡ್ರಿ" ಎಂದರು. ಪಡಸಾಲೆಯ ಆಚೆ ಬದಿ ಹೆಂಗಸರ ಸಾಲಿನಲ್ಲಿ ನನ್ನ ಹೆಂಡತಿ ನಿಂತಿದ್ದಳು. ಸೆರಗು ಬಾಯಿಗೆ ಹಿಡಿದು ಬಂದಳು. "ಐದ ವರ್ಷ ಎಲ್ಲಿ ಮುಚ್ಚಿ ಇಟ್ಟಿದ್ರೀ? ನನಗ ಹೇಳಿದ್ರ ನಾ ಏನ ತವರಿಗೆ ಓಡಿ ಬರತಿದ್ನೇನು?"

ನಾನು ಯಾರ ಮುಖವನ್ನೂ ನೋಡದೆ ತೋಳು ಚಾಚಿದೆ. ಡಾಕ್ಟರು ಏನೋ ಕೇಳಿದರು, ಏನೋ ತಿಳಿಸಿ ಹೇಳಿದರು. ತಲೆಗೆ ಹೋಗಲಿಲ್ಲ, ಹೂಂ ಎಂದೆ. ರಕ್ತ ತೆಗೆದದ್ದೇ ತಡ ಎದ್ದು ಹೊರಗೆ ಹೋದೆ. ಫೋನ್ ನಂಬರ್ ಕೇಳುತ್ತಿದ್ದರು, ಅದನ್ನೂ ಕೊಡಲಿಲ್ಲ. ಅವನು ತನ್ನ ನಂಬರ್ ಬರೆಸಿ ನನ್ನ ಹಿಂದೆ ಬಂದ.

ಸಾಲಿಯ ಗೋಡೆಯ ಮರೆಗೆ ಅವನನ್ನು ತಡೆದು ನಿಲ್ಲಿಸಿದೆ. "ಗೊತ್ತಿದ್ದೂ ಇಷ್ಟ ವರ್ಷ ತಮ್ಮಾ ಅನ್ಕೋತ ಬಂದಿ. ಇವತ್ತ ಎಲ್ಲಾರ ಮುಂದ ನಮ್ಮಪ್ಪನ್ನ ಸುಳ್ಳ ಮಾಡಿದಿ." ಮೊದಲ ಸಲ ಅವನಿಗೆ ಏಕವಚನ ಆಡಿದ್ದೆ.

ಅವನು ನಗಲಿಲ್ಲ. "ನಿಮ್ಮಪ್ಪಾರು ಸಂಬಂಧ ಕೂಡಸಾಕ ವಯಸ್ಸ ಇಳಿಸಿದ್ರು. ಚಲೋ ಮಾಡಿದ್ರು. ಅದನ್ನ ನಾ ಯಾಕ ಮುರೀಲಿ ಅಂತ ಸುಮ್ಕಿದ್ದೆ. ಆದ್ರ ರೋಗ ಏನ ಮಧ್ಯಸ್ಥರನ್ನ ಕೇಳಿ ಬರತೈತೇನು?" ಎಂದ. ಮೊಣಕೈಯ ಹತ್ತಿ ಕಿತ್ತು ಎಸೆದು, "ನನ್ನ ಡ್ರೈವರ್‌ಗೆ ನಾ ಹೇಳಿದ್ದೆ ಅಣ್ಣಾ. ಆದ್ರ ನಕ್ಕೋತ ಹೇಳಿದ್ದೆ. ಅಂವಾ ನಕ್ಕೋತ ಬಿಟ್ಟ. ಜಗಳಾ ಮಾಡಿ ಹೇಳಬೇಕಾಗಿತ್ತು" ಎಂದ.

ಅಣ್ಣಾ ಎಂದ. ನನ್ನ ಹಕ್ಕಿನ ಮಾತು ಅದು. ಆದರೆ ಬಂದ ರೀತಿಗೆ ನನಗೆ ಒಗರು ಒಗರಾಯಿತು.

ವಾರ ಕಳೆದ ಮೇಲೆ ನಾನು ಕಲಘಟಗಿಯಲ್ಲಿ ಒಂದು ಮನೆಯ ಮೇಲಂತಸ್ತಿನ ಕೆಲಸದಲ್ಲಿದ್ದೆ. ಕೆಳಗೆ ಉಸುಕಿನ ಗುಂಪಿಯ ಬಾಜು ಅವನು ಬಂದು ನಿಂತ. ರಜೆಯ ದಿನದ ಅಂಗಿ ಹಾಕಿದ್ದ.

"ಅಣ್ಣಾ, ಇಳದ ಬರ್ರಿ."

"ಮಾಲು ಕಲಸೇತಿ. ಆರಿ ಹೋಗತೈತಿ."

"ಹೋದ್ರ ಹೋಗಲಿ. ಇಳೀರಿ."

ಇಳಿದೆ. ದವಾಖಾನೆಯಿಂದ ಫೋನ್ ಬಂದಿತ್ತಂತೆ. ನನ್ನ ರಕ್ತದಲ್ಲಿ ಪ್ರೋಸ್ಟೇಟಿನ ಪಿ.ಎಸ್.ಎ. ನಂಬರು ಹೆಚ್ಚಿದೆ, ಹೆಚ್ಚಿದ್ದರೆ ಕ್ಯಾನ್ಸರೇ ಎಂದಲ್ಲ, ಬೇರೆ ಕಾರಣಕ್ಕೂ ಏರುತ್ತದೆ, ಆದರೆ ಬಂದು ತೋರಿಸಲೇಬೇಕು ಎಂದಿದ್ದರು. ನಾನು ಕೈಗೆ ಹತ್ತಿದ ಸಿಮೆಂಟು ಕೆರೆಯುತ್ತ ನಿಂತೆ. ಬಾಯಿಂದ ಬಂದ ಮಾತು ಮಾತ್ರ ಇದು:

"ನಿಂದೆಷ್ಟ ಬಂತು?"

"ನಂದು ಇರಲಿ ಬಿಡ್ರಿ."

"ಎಷ್ಟ ಬಂತು ಹೇಳು."

"ಒಂದರ ಒಳಗ."

ನನ್ನದು ಹನ್ನೊಂದರ ಮೇಲೆ. ಕಡಿಮೆ ನಂಬರು ತೆಗೆದವನು ಪಾಸಾಗುವ ಪರೀಕ್ಷೆ ಜಗತ್ತಿನಲ್ಲಿ ಅದೊಂದೇ ಇದ್ದೀತು. ಅದರಲ್ಲೂ ಅವನೇ ಪಾಸು.

ಬರುವುದಿಲ್ಲ ಎಂದೆ. ಸ್ಲ್ಯಾಬ್ ಮುಗಿಯಲಿ ಎಂದೆ, ದೀಪಾವಳಿ ಮುಗಿಯಲಿ ಎಂದೆ. ಅವನು ಅಲ್ಲೇ, ನನ್ನ ಕೂಲಿಯವರ ಮುಂದೆ, ದನಿ ಎತ್ತಿ ಜಗಳ ಸುರು ಮಾಡಿದ. ಸದಾ ನಗಿಸುವ ಮನುಷ್ಯ ಬೈಯತೊಡಗಿದರೆ ಹೇಗಿರುತ್ತದೆ ಎಂದು ಅವತ್ತೇ ನೋಡಿದ್ದು. ಹೆಂಗಸರು ಬುಟ್ಟಿ ಇಳಿಸಿ ನಿಂತರು. "ನಿಮಗ ನನ್ನ ಮ್ಯಾಲೆ ಸಿಟ್ಟ ಐತಿ, ಇರಲಿ. ಜೀವಕ್ಕ ಯಾಕ ತೀರಿಸ್ಕೋತೀರಿ? ನನ್ನ ತಂಗೀನ ಏನ ಮಾಡಬೇಕಂತೀರಿ?" ಎಂದ. ನನ್ನ ಹೆಂಡತಿಯನ್ನು ಅವನು ತಂಗಿ ಎನ್ನುತ್ತಾನೆ. ಕೈ ತೊಳೆದುಕೊಂಡು ಹೊರಟೆ.

ಹುಬ್ಬಳ್ಳಿಯಲ್ಲಿ ಮತ್ತೊಮ್ಮೆ ರಕ್ತ, ಆಮೇಲೆ ಸ್ಕ್ಯಾನು, ಆಮೇಲೆ ಸೂಜಿಯಿಂದ ಚೂರು ತೆಗೆದು ನೋಡಿದರು. ಕ್ಯಾನ್ಸರೇ ಇತ್ತು. ಮೈಯಲ್ಲಿ ನನಗೆ ಒಂದು ನೋವಿರಲಿಲ್ಲ, ಒಂದು ತ್ರಾಸಿರಲಿಲ್ಲ. ಹಿಂದಿನ ದಿನವಷ್ಟೇ ಸಿಮೆಂಟ್ ಚೀಲ ಹೆಗಲ ಮೇಲೆ ಹೊತ್ತಿದ್ದೆ. "ಗಂಟಿನ ಒಳಗೇ ಇದೆ, ಹೊರಗೆ ಹರಡಿಲ್ಲ. ಸರಿಯಾದ ಹೊತ್ತಿಗೆ ಬಂದಿದ್ದೀರಿ" ಎಂದರು ಡಾಕ್ಟರು. ನಾನು ಬಂದಿರಲಿಲ್ಲ. ಎಳೆದುಕೊಂಡು ಬಂದವನು ಬಾಗಿಲ ಬಳಿ ನಿಂತಿದ್ದ.

ಆಪರೇಶನ್ ಆಯಿತು. ವಾರ್ಡಿನಲ್ಲಿ ಮಲಗಿದವನು ನಾನು, ಜಾತ್ರೆ ನೆರೆದದ್ದು ಅವನ ಸುತ್ತ. ಬಾಜು ಕಾಟಿನ ಅಣ್ಣಿಗೇರಿ ಮುದುಕನ ಮಗಳ ಹೆಸರು ಅವನಿಗೆ ಗೊತ್ತು, ಆಯಾಳ ಊರು ಗೊತ್ತು. ಸಿಸ್ಟರ್‌ಗಳು ಸೂಜಿ ಚುಚ್ಚುವುದು ನನಗೆ, ನಕ್ಕು ಮಾತಾಡುವುದು ಅವನ ಜೊತೆ. ನೋಡಲು ಬಂದ ಬೀಗರು ನನ್ನ ತಲೆಯ ಮೇಲಿಂದ ಅವನನ್ನು ಕೇಳುತ್ತಿದ್ದರು, "ಹೆಂಗ ಅದಾರ್ರಿ?" ನಾನು ಅಲ್ಲೇ ಇದ್ದೆ, ಬಾಯಿಯೂ ಇತ್ತು. ಒಬ್ಬ ಮುದುಕಿ ಅವನಿಗೆ ಬಿಸ್ಕೀಟಿನ ಪುಡಿಕೆ ಕೊಟ್ಟು, "ತಮ್ಮನ್ನ ಎಷ್ಟ ಚಂದ ನೋಡ್ಕೋತಿ ಯಪ್ಪಾ" ಎಂದಳು. "ತಮ್ಮ ಅಲ್ಲ ಯವ್ವಾ, ಅಣ್ಣಾರು ಅವರು" ಎಂದ. ಮುದುಕಿಗೆ ಅವನ ಮೇಲಿನ ಪ್ರೀತಿ ಇನ್ನೂ ಹೆಚ್ಚಾಯಿತು.

ಅದೇ ನನ್ನ ಗೋಳು. ಈಗ ಮಾವನ ಮನೆಯಲ್ಲಿ ಅವನೇ ನನ್ನ ರಟ್ಟೆ ಹಿಡಿದು ಮೊದಲ ಎಲೆಗೆ ಕೂರಿಸುತ್ತಾನೆ. ಅತ್ತೆ ನನಗೆ ಮೊದಲು ಬಡಿಸುತ್ತಾರೆ. ಬಡಿಸುತ್ತ ಬಡಿಸುತ್ತ ನೋಡುವುದು ಅವನನ್ನು. "ಹಿರಿತನಾ ಬಿಟ್ಟ ಕೊಟ್ರು ನೋಡ್ರಿ, ಎಂಥಾ ದೊಡ್ಡ ಮನಸ್ಸು!" ಎಂದು ಹೇಳಿಕೊಳ್ಳುತ್ತಾರೆ. ಮೊದಲ ಎಲೆ ನನಗೆ ಬಂತು, ಅದರ ಮರ್ಯಾದೆ ಎರಡನೇ ಎಲೆಗೆ ಹೋಯಿತು. ನಾನು ಹೋಳಿಗೆ ಮುರಿಯುತ್ತ ಉರಿಯುತ್ತೇನೆ. ಈಗಲೂ ಉರಿಯುತ್ತೇನೆ. ಉಪಕಾರ ಮಾಡಿದವನ ಮೇಲೆ ಹೊಟ್ಟೆಕಿಚ್ಚು ಇರಬಾರದು ಎನ್ನುವವರು ಅವನ ಷಡ್ಡಕರಾಗಿ ನೋಡಲಿ.

ಕೆಲವು ತಿಂಗಳಿಗೊಮ್ಮೆ ರಕ್ತ ಕೊಟ್ಟು ನೋಡಬೇಕು, ಆ ನಂಬರು ಮತ್ತೆ ಏಳಬಾರದು. ಈ ಸಲ ಹೋದಾಗ ಅವನೂ ಬಂದಿದ್ದ. ಬ್ಯಾಡ ಎಂದರೂ ಬರುತ್ತಾನೆ. ರಿಪೋರ್ಟ್ ತಯಾರಾಗಿದೆ ಎಂದು ಕೂಗಿದರು. ಏಳಬೇಕೆಂದರೆ ನನ್ನ ತೊಡೆಗಳು ಏಳಲಿಲ್ಲ. ಮೂರನೇ ಅಂತಸ್ತಿನ ಹಲಗೆಯ ಮೇಲೆ ಎಂದೂ ನಡುಗದ ಕಾಲು ಅವು. ಅವನೇ ಹೋದ. ಕಿಟಕಿಯ ಬಳಿ ಬೆನ್ನು ಮಾಡಿ ನಿಂತು ಓದಿದ. ಓದುವುದು ಮುಗಿದರೂ ಹೊರಳಲಿಲ್ಲ. ಒಳಗಿನವರನ್ನು ಏನೋ ಕೇಳುತ್ತಿದ್ದ. ಆ ಬೆನ್ನನ್ನು ನೋಡುತ್ತ ಕೂತ ನನಗೆ ಮಾವನ ಮನೆ, ಎಲೆ, ಹಿರಿತನ ಒಂದೂ ನೆನಪಿರಲಿಲ್ಲ.

"ಏನ ಬಂತ್ರಿ ಅಣ್ಣಾ?" ಎಂದು ಕೂಗಿದೆ.

ಅವನು ಹೊರಳಿದ. "ಏನೂ ಇಲ್ಲ, ಸ್ವಚ್ಛ ಐತಿ" ಎಂದು ಹತ್ತಿರ ಬಂದು ಬಾಜು ಕೂತ. ಕಾಗದ ಮಡಿಸಿ ನನ್ನ ಕಿಸೆಗೆ ಹಾಕಿದ. ಆಮೇಲೆ ಹುಬ್ಬು ಏರಿಸಿ, "ಅಣ್ಣಾ ಅಂದ್ರಿ? ಯಾರಿಗೆ?" ಎಂದ.

"ಬಾಯಿ ತಪ್ಪಿ ಬಂತು" ಎಂದೆ.

ಬಾಯಿ ತಪ್ಪಿ ಬಂದದ್ದಲ್ಲ.